ಬಿರುಗಾಳಿ ತೀರದ ಮನೆಗೆ ಹೊಸ ಹೊರಮೈ

ಅಮೆರಿಕದ ವಾಸದ ಮನೆಗಳಲ್ಲಿ ಹೆಚ್ಚಿನವು ಮರದ ಚೌಕಟ್ಟಿನ ಮೇಲೆ ನಿಂತವು. ಸ್ಟಡ್ ಎಂದು ಕರೆಯುವ ಸಣ್ಣ ಮರದ ಕಂಬಗಳನ್ನು ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸಿ, ಹೊರಬದಿಗೆ ಪ್ಲೈವುಡ್ಡನ್ನೋ ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ ಓಎಸ್‌ಬಿ ಹಲಗೆಯನ್ನೋ ಬಡಿದು, ಒಳಬದಿಗೆ ಜಿಪ್ಸಮ್ ಹಲಗೆ ಹೊಡೆದರೆ ಗೋಡೆ ಎದ್ದಂತೆ. ಆದರೆ ಈ ಹೊರಹಲಗೆ ಬಿಸಿಲು ಮಳೆಗೆ ಹೆಚ್ಚು ದಿನ ತಾಳುವುದಿಲ್ಲ. ಅದನ್ನು ಕಾಪಾಡಲು ಎಲ್ಲಕ್ಕಿಂತ ಹೊರಗೆ ಹೊದಿಸುವ ಪದರವೇ ಸೈಡಿಂಗ್. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲಕ್ಕೆ ಮುಂಚೆ ಮಣ್ಣುಗೋಡೆಗೆ ಎರಚಲು ಬಡಿಯದಂತೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದನ್ನು ಕಂಡವರಿಗೆ ಇದರ ತತ್ತ್ವ ಹೊಸದಲ್ಲ. ಗೋಡೆ ಸೂರಿನ ಭಾರ ಹೊರುತ್ತದೆ, ತಟ್ಟಿ ಮಳೆಯ ಏಟು ತಿನ್ನುತ್ತದೆ. ತಟ್ಟಿಯನ್ನು ವರ್ಷಕ್ಕೊಮ್ಮೆ ಬದಲಿಸುತ್ತಿದ್ದರು. ಸೈಡಿಂಗ್ ಬದಲಿಸುವ ಕಾಲ ಒಂದು ತಲೆಮಾರಿಗೆ ಒಮ್ಮೆ ಬರುತ್ತದೆ, ಬಿರುಗಾಳಿಯ ತೀರದಲ್ಲಿ ಅದಕ್ಕೂ ಮೊದಲೇ ಬರಬಹುದು.

ಅಂಥ ತೀರಗಳಲ್ಲಿ ನಾರ್ತ್ ಕೆರೊಲಿನಾ ರಾಜ್ಯದ ವಿಲ್ಮಿಂಗ್ಟನ್ ಒಂದು. ಅಟ್ಲಾಂಟಿಕ್ ಸಾಗರಕ್ಕೆ ಚಾಚಿಕೊಂಡ ಕೇಪ್ ಫಿಯರ್ ಭೂಶಿರ ಇದರ ದಕ್ಷಿಣಕ್ಕಿದೆ. ಆ ಹೆಸರಿನಲ್ಲೇ ಭಯವಿದೆ. 1954ರ ಅಕ್ಟೋಬರಿನಲ್ಲಿ ಹೇಜಲ್, 1996ರ ಜುಲೈಯಲ್ಲಿ ಬರ್ಥಾ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ರಾನ್, 2018ರ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸ್, ಹೀಗೆ ಚಂಡಮಾರುತಗಳು ಈ ಊರಿನ ಹಾದಿ ಹಿಡಿದಿವೆ. ಅಟ್ಲಾಂಟಿಕ್‌ನ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಮಿಕ್ಕ ಆರು ತಿಂಗಳೇ ಮನೆಯ ಹೊರಮೈಗೆ ಕೈಹಚ್ಚಲು ನೆಮ್ಮದಿಯ ಕಾಲ.

ಗಾಳಿ ಮನೆಯನ್ನು ತಳ್ಳಿ ಕೆಡವುತ್ತದೆ ಎಂಬುದು ಸಾಮಾನ್ಯ ಕಲ್ಪನೆ. ಸೈಡಿಂಗಿನ ಮಟ್ಟಿಗೆ ಇದು ಅರ್ಧ ಸತ್ಯ. ಗಾಳಿ ತನ್ನ ಎದುರಿಗಿರುವ ಗೋಡೆಯನ್ನಷ್ಟೇ ತಳ್ಳುತ್ತದೆ. ಪಕ್ಕದ ಎರಡು ಗೋಡೆಗಳನ್ನೂ ಹಿಂದಿನ ಗೋಡೆಯನ್ನೂ ಹೊರಕ್ಕೆ ಸೆಳೆಯುತ್ತದೆ. ಮೂಲೆ ತಿರುಗುವಾಗ ಗಾಳಿಯ ಹರಿವು ಗೋಡೆಯಿಂದ ಕಳಚಿಕೊಂಡು ಸುಳಿಯಾಗುವುದರಿಂದ ಅಲ್ಲಿ ಸೆಳೆತ ಎಲ್ಲಕ್ಕಿಂತ ಬಿರುಸು. ಬಿರುಗಾಳಿಗೆ ಮಂಗಳೂರು ಹೆಂಚು ಮೇಲೇಳುವುದು ಕೂಡ ಸೆಳೆತದಿಂದಲೇ. ಆದ್ದರಿಂದ ಸೈಡಿಂಗ್ ಕಿತ್ತುಹೋಗುವುದು ಬಹುಮಟ್ಟಿಗೆ ಮೂಲೆಗಳಿಂದ, ಸೂರಿನ ಅಂಚಿನಿಂದ ಮತ್ತು ಕೆಳಗಿನ ಮೊದಲ ಸಾಲಿನಿಂದ. ಗೋಡೆಯ ನಡುವೆ ಸಾಕಾಗುವ ಮೊಳೆಗಳು ಮೂಲೆಯ ಮೂರು ನಾಲ್ಕು ಅಡಿಯಲ್ಲಿ ಸಾಲದೆ ಹೋಗಬಹುದು.

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಮೈಲಿ, ಎಂದರೆ 160 ಕಿಲೋಮೀಟರ್ ವೇಗದ ಗಾಳಿಯ ಮೂಲ ಒತ್ತಡ ಚದರಡಿಗೆ ಸುಮಾರು 11.6 ಕಿಲೋ. ವೇಗ 150 ಮೈಲಿಗೆ ಏರಿದರೆ ಒತ್ತಡ ಒಂದೂವರೆ ಪಟ್ಟಿಗೆ ನಿಲ್ಲದೆ 26 ಕಿಲೋ ದಾಟುತ್ತದೆ. ಎಂಟಡಿ ಎತ್ತರ, ಇಪ್ಪತ್ತಡಿ ಉದ್ದದ ಗೋಡೆಯೊಂದರ ಮೇಲೆ ಅದು ನಾಲ್ಕು ಟನ್ನಿನಷ್ಟಾಯಿತು. ಅಷ್ಟನ್ನೂ ಕೊನೆಗೆ ತಡೆದು ನಿಲ್ಲಿಸಬೇಕಾದುದು ಬೆರಳುದ್ದದ ಮೊಳೆಗಳು.

ಗಾಳಿಗಿಂತ ಹೆಚ್ಚು ಮನೆಗಳನ್ನು ಹಾಳುಮಾಡುವುದು ಗಾಳಿಯೊಡನೆ ಬರುವ ನೀರು. ಫ್ಲಾರೆನ್ಸ್ 2018ರ ಸೆಪ್ಟೆಂಬರ್ 14ರಂದು ವಿಲ್ಮಿಂಗ್ಟನ್ ಪಕ್ಕದ ರೈಟ್ಸ್‌ವಿಲ್ ಬೀಚಿನ ಬಳಿ ದಡಕ್ಕೆ ಬಂದಾಗ ಅದರ ವೇಗ ಗಂಟೆಗೆ ಸುಮಾರು 145 ಕಿಲೋಮೀಟರ್. ಐದು ದರ್ಜೆಗಳ ಸಫಿರ್-ಸಿಂಪ್ಸನ್ ಪಟ್ಟಿಯಲ್ಲಿ ಅದು ಮೊದಲನೆಯ, ಎಂದರೆ ಎಲ್ಲಕ್ಕಿಂತ ಕೆಳಗಿನ ದರ್ಜೆ. ಆದರೆ ಆ ಚಂಡಮಾರುತ ಮುಂದಕ್ಕೆ ಸರಿಯದೆ ಅಲ್ಲೇ ತೆವಳುತ್ತ ದಿನಗಟ್ಟಲೆ ಮಳೆ ಸುರಿಸಿತು. ಒಳನಾಡಿನ ಎಲಿಜಬೆತ್‌ಟೌನ್ ಬಳಿ ಸುಮಾರು 36 ಇಂಚು ಮಳೆಯಾಯಿತು. ಅಂಥ ಹೊತ್ತಿನಲ್ಲಿ ಮಳೆ ಮೇಲಿನಿಂದ ಕೆಳಕ್ಕೆ ಬೀಳುತ್ತದೆಂಬ ನಿಯಮವೇ ನಿಲ್ಲುವುದಿಲ್ಲ. ಅದು ಅಡ್ಡಕ್ಕೆ ಬಡಿಯುತ್ತದೆ, ಗೋಡೆಗುಂಟ ಮೇಲಕ್ಕೂ ಏರುತ್ತದೆ, ಹಲಗೆಗಳ ಸಂದಿನಲ್ಲಿ ನುಗ್ಗುತ್ತದೆ. ಯಾವ ಸೈಡಿಂಗೂ ಈ ನೀರನ್ನು ಪೂರ್ತಿ ತಡೆಯಲಾರದು. ಒಳ್ಳೆಯ ಗೋಡೆ ಇದನ್ನು ಒಪ್ಪಿಕೊಂಡೇ ಕಟ್ಟಿದ್ದಾಗಿರುತ್ತದೆ. ಒಳಹೊಕ್ಕ ನೀರು ಹೊರಬೀಳಲು ಅದರಲ್ಲಿ ದಾರಿ ಇರುತ್ತದೆ.

ಈ ಪಾಠವನ್ನು ವಿಲ್ಮಿಂಗ್ಟನ್ ದುಬಾರಿ ಬೆಲೆ ತೆತ್ತು ಕಲಿಯಿತು. ಥರ್ಮೊಕೋಲ್‌ನಂಥ ನೊರೆಹಲಗೆಯನ್ನು ಗೋಡೆಗೆ ಅಂಟಿಸಿ, ಅದರ ಮೇಲೆ ಜಾಲರಿ ಹಾಸಿ, ತೆಳುವಾಗಿ ಕೃತಕ ಗಾರೆ ಬಳಿಯುವ ಪದ್ಧತಿ ಅಲ್ಲಿ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ನೋಡಲು ಅಚ್ಚುಕಟ್ಟು, ಶಾಖಕ್ಕೂ ತಡೆ. 1990ರ ದಶಕದ ನಡುವಿನಲ್ಲಿ ಇಂಥ ಮನೆಗಳನ್ನು ತಪಾಸಣೆ ಮಾಡಿದಾಗ, ಹೊರಗಡೆ ಒಂದು ಬಿರುಕೂ ಕಾಣದ ಗೋಡೆಗಳ ಒಳಗೆ ಓಎಸ್‌ಬಿ ಹಲಗೆ ಕೈಗೆ ಪುಡಿಯಾಗಿ ಬರುವಷ್ಟು ಕೊಳೆತಿತ್ತು. ಕಿಟಕಿಯ ಅಂಚುಗಳಲ್ಲಿ ಹನಿಹನಿಯಾಗಿ ನುಗ್ಗಿದ ನೀರು ಹೊರಬರಲಾರದೆ ಒಳಗೇ ಉಳಿದಿತ್ತು. ಹೊದಿಕೆ ಎಷ್ಟು ಬಿಗಿಯೋ ಕೊಳೆತ ಅಷ್ಟು ಬೇಗ ಎಂಬ ವಿಚಿತ್ರ ಅಲ್ಲಿ ಬಯಲಾಯಿತು. ಮುಂದೆ ರಾಜ್ಯದ ಕಟ್ಟಡ ಸಂಹಿತೆಯೇ ಇಂಥ ಹೊದಿಕೆಯ ಹಿಂದೆ ನೀರು ಇಳಿದುಹೋಗುವ ವ್ಯವಸ್ಥೆ ಇರಬೇಕೆಂದು ವಿಧಿಸಿತು. ಅಲ್ಲಿನ ಎಷ್ಟೋ ಮನೆಗಳ ಹೊರಮೈ ಬದಲಾದದ್ದು ಯಾವ ಚಂಡಮಾರುತದಿಂದಲೂ ಅಲ್ಲ, ಈ ಕೊಳೆತದಿಂದ.

ಬದಲಿಸುವ ಕಾಲ ಬಂದಿದೆ ಎಂಬುದಕ್ಕೆ ಕೆಲವು ಗುರುತುಗಳು ಹೊರಗೇ ಕಾಣುತ್ತವೆ. ಹಲಗೆ ಉಬ್ಬುವುದು, ಸಡಿಲಗೊಂಡು ಗಾಳಿಗೆ ಪಟಪಟನೆ ಬಡಿದುಕೊಳ್ಳುವುದು, ಮೊಳೆಯ ತಲೆಗಳಿಂದ ತುಕ್ಕಿನ ಗೆರೆ ಇಳಿಯುವುದು, ಬಣ್ಣ ಗುಳ್ಳೆಗುಳ್ಳೆಯಾಗಿ ಏಳುವುದು ಇಂಥವು. ಇನ್ನು ಕೆಲವು ಮನೆಯೊಳಗೆ ತೋರುತ್ತವೆ: ಕಿಟಕಿಯ ಕೆಳಮೂಲೆಯಲ್ಲಿ ತೇವದ ಕಲೆ, ಹೋಗದೆ ಉಳಿದ ಮುಗ್ಗಲು ವಾಸನೆ. ಹಳೆಯ ಹೊದಿಕೆಯ ಮೇಲೆಯೇ ಹೊಸದನ್ನು ಬಡಿದುಬಿಡುವ ಅಗ್ಗದ ದಾರಿಯೊಂದಿದೆ. ಒಳನಾಡಿನಲ್ಲಿ ಅದು ಹೇಗೋ ನಡೆದೀತು. ಚಂಡಮಾರುತದ ತೀರದಲ್ಲಿ ಅದು ಹುಣ್ಣಿನ ಮೇಲೆ ಪಟ್ಟಿ ಕಟ್ಟಿದಂತೆ. ಮೊಳೆ ಹಳೆಯ ಪದರವನ್ನು ದಾಟಿ ಗಟ್ಟಿ ಮರ ಮುಟ್ಟುವುದು ಸಂಶಯ, ಒಳಗೇನು ಕೊಳೆತಿದೆ ಎಂಬುದೂ ಕಾಣುವುದಿಲ್ಲ.

ಹಳೆಯದನ್ನು ಕೀಳುವ ಮುಂಚೆ ಮನೆಯ ವಯಸ್ಸು ತಿಳಿದಿರಬೇಕು. ಅಮೆರಿಕದಲ್ಲಿ ಮನೆಗೆ ಬಳಿಯುವ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯ ಹೊರಹಲಗೆ ಉಜ್ಜಿದರೆ, ಒಡೆದರೆ ಸೀಸದ ಧೂಳು ಏಳಬಹುದು. ಅಂಥ ಕೆಲಸಕ್ಕೆ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದ ಗುತ್ತಿಗೆದಾರರೇ ಬೇಕೆಂಬ ಪರಿಸರ ಇಲಾಖೆಯ ನಿಯಮ 2010ರಿಂದ ಜಾರಿಯಲ್ಲಿದೆ. ಇಪ್ಪತ್ತನೆಯ ಶತಮಾನದ ನಡುಗಾಲದ ಮನೆಗಳಲ್ಲಿ ಇನ್ನೊಂದು ಅಪಾಯ, ಕಲ್ನಾರು ಬೆರೆಸಿದ ಸಿಮೆಂಟ್ ಬಿಲ್ಲೆಗಳ ಹೊದಿಕೆ. ಭಾರತದಲ್ಲಿ ಇಂದಿಗೂ ಸೂರಿಗೆ ಹಾಕುವ ಕಲ್ನಾರು ಶೀಟಿನ ಒಡಹುಟ್ಟು ಇದು. ಮುಟ್ಟದಿದ್ದರೆ ಸುಮ್ಮನಿರುತ್ತದೆ, ಒಡೆದರೆ ಅದರ ಎಳೆ ಶ್ವಾಸಕೋಶ ಸೇರುತ್ತದೆ. ಒದ್ದೆ ಮಾಡಿ, ಇಡಿಯಾಗಿ ಇಳಿಸಿ, ಕಟ್ಟಿ ಸಾಗಿಸಬೇಕು. ಇದು ಮನೆಯವರು ತಾವೇ ಮಾಡಿಕೊಳ್ಳುವ ಕೆಲಸವಲ್ಲ.

ಹೊದಿಕೆ ಕಳಚಿದ ಮೇಲೆ ಗೋಡೆಯ ಮೈ ಬಯಲಾಗುತ್ತದೆ. ಇಡೀ ಕೆಲಸದ ತಿರುಳು ಈ ಒಂದೆರಡು ದಿನಗಳಲ್ಲಿದೆ. ಕಿಟಕಿಗಳ ಕೆಳಗೆ, ಸೂರು ಗೋಡೆಗೆ ಸೇರುವಲ್ಲಿ, ಜಗಲಿಯ ಹಲಗೆ ಮನೆಗೆ ಕೂಡುವಲ್ಲಿ ಉಳಿಮೊನೆಯಿಂದ ಚುಚ್ಚಿ ನೋಡುತ್ತಾರೆ. ಮೊನೆ ಸಲೀಸಾಗಿ ಇಳಿದರೆ ಮರ ಸತ್ತಿದೆ ಎಂದರ್ಥ. ಕೊಳೆತ ಹಲಗೆ ಕತ್ತರಿಸಿ ಹೊಸದು ಕೂರಿಸಬೇಕು, ಸ್ಟಡ್ ಕೊಳೆತಿದ್ದರೆ ಅದನ್ನೂ ಬದಲಿಸಬೇಕು. ಗೆದ್ದಲಿನ ಜಾಡು ಹುಡುಕಬೇಕು. ಮೆಕ್ಸಿಕೋ ಕೊಲ್ಲಿಯ ತೀರದಲ್ಲಂತೂ ಫಾರ್ಮೋಸಾ ಗೆದ್ದಲು ಚಂಡಮಾರುತದಷ್ಟೇ ಹೆದರಿಕೆಯ ಹೆಸರು. ಹಳೆಯ ಮನೆಗಳಲ್ಲಿ ಹೊರಹಲಗೆಗೆ ಬಡಿದ ಮೊಳೆಗಳು ವಿರಳವಾಗಿರುತ್ತವೆ. ಗೋಡೆ ವಾಲದಂತೆ ಹಿಡಿಯುವುದು ಇದೇ ಹಲಗೆಯಾದ್ದರಿಂದ ಬಯಲಾದಾಗಲೇ ಹೆಚ್ಚುವರಿ ಮೊಳೆ ಹೊಡೆಯುವುದು, ಗೋಡೆಯನ್ನು ಅಡಿಪಾಯಕ್ಕೂ ಸೂರಿಗೂ ಬಿಗಿಯುವ ಲೋಹದ ಪಟ್ಟಿಗಳನ್ನು ಸೇರಿಸುವುದು ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಇಷ್ಟು ಕೆಲಸ ಕರಾರಿನಲ್ಲಿ ಸೇರಿರುವುದು ಅಪರೂಪ. ಕೊಳೆತ ಕಂಡರೆ ಚದರಡಿಗೆ ಎಷ್ಟು ದರ ಎಂಬುದನ್ನು ಮೊದಲೇ ಬರೆಸಿಕೊಂಡವರು ಜಾಣರು.

ಆಮೇಲೆ ಬರುವುದು ನೀರುತಡೆಯ ಪದರ. ಟೈವೆಕ್ ಮೊದಲಾದ ಹೆಸರುಗಳಲ್ಲಿ ಸಿಗುವ ಈ ಹೊದಿಕೆಹಾಳೆ ನೀರನ್ನು ತಡೆದರೂ ಆವಿಯನ್ನು ಹೊರಬಿಡುತ್ತದೆ. ಇದನ್ನು ಹೆಂಚು ಹೊದಿಸಿದ ಕ್ರಮದಲ್ಲಿ, ಕೆಳಗಿನಿಂದ ಮೇಲಕ್ಕೆ, ಮೇಲಿನ ಹಾಳೆ ಕೆಳಗಿನದರ ಮೇಲೆ ಬರುವಂತೆ ಹಾಸಬೇಕು. ಕಿಟಕಿ ಬಾಗಿಲುಗಳ ಸುತ್ತ ಫ್ಲಾಶಿಂಗ್, ಎಂದರೆ ನೀರನ್ನು ಹೊರಕ್ಕೆ ಜಾರಿಸುವ ಅಂಟುಪಟ್ಟಿ, ಕೂರಿಸುವಾಗಲೂ ಅದೇ ಕ್ರಮ: ಮೊದಲು ಕೆಳಗೆ, ಬಳಿಕ ಎರಡು ಪಕ್ಕ, ಕೊನೆಗೆ ತಲೆಯ ಮೇಲೆ. ಕ್ರಮ ತಪ್ಪಿ ಒಂದು ಪಟ್ಟಿ ಹಿಂದುಮುಂದಾದರೆ ನೀರು ಹೊರಗೆ ಜಾರುವ ಬದಲು ಹಾಳೆಯ ಹಿಂದೆ ಜಾರುತ್ತದೆ. ಅದು ಐದಾರು ವರ್ಷ ಯಾರಿಗೂ ಕಾಣುವುದಿಲ್ಲ. ಹಾಳೆಯ ಮೇಲೆ ತೆಳುವಾದ ಪಟ್ಟಿಗಳನ್ನು ಲಂಬವಾಗಿ ಬಡಿದು, ಸೈಡಿಂಗಿಗೂ ಹಾಳೆಗೂ ನಡುವೆ ಸ್ವಲ್ಪ ಖಾಲಿ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ನೀರು ಇಳಿಯುತ್ತದೆ, ಗಾಳಿ ಆಡಿ ಒಣಗುತ್ತದೆ.

ಇನ್ನು ಹೊದಿಕೆಯ ಆಯ್ಕೆ. ಅಮೆರಿಕದಲ್ಲಿ ಬಹುಕಾಲದಿಂದ ಜನಪ್ರಿಯವಾದುದು ವಿನೈಲ್, ಎಂದರೆ ಪಿವಿಸಿ ಪ್ಲಾಸ್ಟಿಕ್ಕಿನ ಹಲಗೆ. ಅಗ್ಗ, ಹಗುರ, ಬಣ್ಣ ಬಳಿಯುವ ರಗಳೆಯಿಲ್ಲ, ತುಕ್ಕಿಲ್ಲ, ಗೆದ್ದಲಿಲ್ಲ. ಬಿರುಗಾಳಿಗೆ ಅದು ಕಿತ್ತುಹೋಗುತ್ತದೆ ಎಂಬ ಅಪಖ್ಯಾತಿಯೂ ಇದೆ. ಆ ಅಪಖ್ಯಾತಿಯಲ್ಲಿ ವಸ್ತುವಿನ ಪಾಲಿಗಿಂತ ಬಡಿದವರ ಪಾಲು ದೊಡ್ಡದು. ವಿನೈಲ್ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹನ್ನೆರಡು ಅಡಿಯ ಹಲಗೆಯ ಉದ್ದ ಋತುವಿನಿಂದ ಋತುವಿಗೆ ಅರ್ಧ ಇಂಚಿಗೂ ಮಿಕ್ಕಿ ಬದಲಾಗಬಹುದು. ಅದಕ್ಕಾಗಿಯೇ ಮೊಳೆಯ ತೂತು ಉದ್ದುದ್ದವಾಗಿರುತ್ತದೆ. ಮೊಳೆಯನ್ನು ಆ ಸೀಳಿನ ನಟ್ಟನಡುವೆ ಹೊಡೆದು, ತಲೆಗೂ ಹಲಗೆಗೂ ನಡುವೆ ಒಂದು ಮಿಲಿಮೀಟರಿನ ಆಸುಪಾಸು ಸಡಿಲ ಬಿಡಬೇಕು. ಮೊಳೆಯನ್ನು ಬಿಗಿಯಾಗಿ ಜಡಿದವನೇ ಒಳ್ಳೆಯ ಬಡಗಿ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಬಿಗಿಯಾಗಿ ಜಡಿದ ಹಲಗೆ ಬೇಸಗೆಯಲ್ಲಿ ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಕೊಂಡಿ ತಪ್ಪುತ್ತದೆ, ಮುಂದಿನ ಬಿರುಗಾಳಿಗೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ಚಂಡಮಾರುತದ ಊರಿಗೆಂದೇ ಮಾಡಿದ ವಿನೈಲ್ ಹಲಗೆಯಲ್ಲಿ ಮೊಳೆ ಹೊಡೆಯುವ ಅಂಚನ್ನು ಎರಡು ಮಡಿಕೆ ಮಾಡಿರುತ್ತಾರೆ, ಮೊಳೆಯ ತಲೆ ಹರಿದು ಹೊರಬರದಿರಲೆಂದು. ಮೊಳೆ ಬರಿಯ ಹೊರಹಲಗೆಗೆ ಸಿಕ್ಕಿಕೊಂಡರೆ ಸಾಲದು, ತಯಾರಕರು ಪರೀಕ್ಷೆಗೆ ಒಡ್ಡಿದ ಅಂತರದಲ್ಲಿಯೇ, ಸಾಮಾನ್ಯವಾಗಿ ಪ್ರತಿ ಸ್ಟಡ್ಡಿಗೂ ಇಳಿಯಬೇಕು. ಹೊರಹಲಗೆಯ ಬದಲು ಬರೀ ನೊರೆಹಲಗೆ ಇರುವ ಗೋಡೆಯ ಮೇಲೆ ವಿನೈಲ್ ಹಾಕುವುದು ಬಿರುಗಾಳಿಯ ನಾಡಿನಲ್ಲಿ ಅಪಾಯ. ಗಾಳಿಯ ಒತ್ತಡವೆಲ್ಲ ಆಗ ಆ ತೆಳು ಪ್ಲಾಸ್ಟಿಕ್ಕಿನ ಮೇಲೆಯೇ ಬೀಳುತ್ತದೆ.

ಇಲ್ಲಿ ಒಂದು ಸ್ವಾರಸ್ಯದ ಲೆಕ್ಕವಿದೆ. ವಿನೈಲ್ ಹಲಗೆಗಳ ಸಂದಿನಲ್ಲಿ ಗಾಳಿ ನುಸುಳುವುದರಿಂದ ಹೊರಗಿನ ಒತ್ತಡವೂ ಹಿಂದಿನ ಒತ್ತಡವೂ ತಕ್ಕಮಟ್ಟಿಗೆ ಸರಿದೂಗುತ್ತವೆ, ಹಲಗೆಯ ಮೇಲೆ ಬೀಳುವುದು ಒಟ್ಟು ಒತ್ತಡದ ಒಂದು ಪಾಲು ಮಾತ್ರ ಎಂಬುದು ಹಳೆಯ ಗ್ರಹಿಕೆ. ಆ ಪಾಲು 36 ಪ್ರತಿಶತ ಎಂದು ಹಿಡಿದು ಮಾನದಂಡ ಬರೆದಿದ್ದರು. ಸೌತ್ ಕೆರೊಲಿನಾದ ರಿಚ್‌ಬರ್ಗ್‌ನಲ್ಲಿ ವಿಮಾ ಕಂಪನಿಗಳ ನೆರವಿನಿಂದ 2010ರಲ್ಲಿ ಆರಂಭವಾದ ಐಬಿಎಚ್‌ಎಸ್ ಸಂಶೋಧನಾ ಕೇಂದ್ರದಲ್ಲಿ 105 ದೈತ್ಯ ಫ್ಯಾನುಗಳಿವೆ. ಅಲ್ಲಿ ಪೂರ್ಣ ಗಾತ್ರದ ಮನೆಯನ್ನೇ ಕಟ್ಟಿ ಗಾಳಿಗೆ ಒಡ್ಡುತ್ತಾರೆ. ಹಾಗೆ ಒಡ್ಡಿ ನೋಡಿದಾಗ ಹಲಗೆಯ ಮೇಲೆ ಬೀಳುವ ಪಾಲು ಊಹಿಸಿದ್ದಕ್ಕಿಂತ ಗಣನೀಯವಾಗಿ ಹೆಚ್ಚೆಂದು ತಿಳಿಯಿತು. ಮಾನದಂಡದಲ್ಲಿ ಆ ಅಂಶವನ್ನು ಬಳಿಕ 50 ಪ್ರತಿಶತಕ್ಕೆ ಏರಿಸಲಾಯಿತು. ಹಳೆಯ ದಾಸ್ತಾನಿನ ಹಲಗೆಯ ಮೇಲಿನ ಗಾಳಿಯ ಅಂಕಿಯನ್ನೂ ಹೊಸ ಹಲಗೆಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಆದ್ದರಿಂದ ಸರಿಯಲ್ಲ.

ವಿನೈಲ್‌ಗೆ ಎದುರಾಳಿ ಫೈಬರ್ ಸಿಮೆಂಟ್. ಸಿಮೆಂಟು, ಮರಳು ಮತ್ತು ಮರದ ನಾರು ಬೆರೆಸಿ ಒತ್ತಿ ಮಾಡಿದ ಹಲಗೆ ಇದು. ಆಸ್ಟ್ರೇಲಿಯಾದ ಜೇಮ್ಸ್ ಹಾರ್ಡಿ ಕಂಪನಿ 1980ರ ದಶಕದಲ್ಲಿ ಕಲ್ನಾರಿನ ಬದಲು ಮರದ ನಾರು ಬಳಸತೊಡಗಿ, ಆ ದಶಕದ ಕೊನೆಯ ಹೊತ್ತಿಗೆ ಅಮೆರಿಕಕ್ಕೂ ತಂದಿತು. ಉರಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಹಾರಿಬಂದ ಕೊಂಬೆ ಬಡಿದರೆ ವಿನೈಲ್‌ನಷ್ಟು ಬೇಗ ತೂತಾಗುವುದಿಲ್ಲ. ಆದರೆ ಚದರಡಿಗೆ ಸುಮಾರು ಒಂದು ಕಿಲೋ ತೂಗುತ್ತದೆ. ವಿನೈಲ್ ತೂಗುವುದು ಕಾಲು ಕಿಲೋದ ಆಸುಪಾಸು. ಹನ್ನೆರಡು ಅಡಿಯ ಹಲಗೆಯನ್ನು ಇಬ್ಬರು ಹಿಡಿಯದಿದ್ದರೆ ನಡುವೆ ಮುರಿಯುತ್ತದೆ. ಬೆಲೆಯೂ ಕೂಲಿಯೂ ಹೆಚ್ಚು.

ಇದನ್ನು ಎರಡು ಬಗೆಯಲ್ಲಿ ಬಡಿಯುತ್ತಾರೆ. ಹಲಗೆಯ ಮೇಲಂಚಿಗೆ ಮೊಳೆ ಹೊಡೆದು, ಮುಂದಿನ ಸಾಲು ಅದನ್ನು ಮುಚ್ಚುವಂತೆ ಮಾಡುವುದು ಒಂದು. ಮೊಳೆ ಕಾಣದು, ಗೋಡೆ ಚೆಂದ. ಆದರೆ ಹಲಗೆಯ ಕೆಳಂಚು ಹಿಡಿತವಿಲ್ಲದೆ ಉಳಿಯುತ್ತದೆ, ಸೆಳೆತ ಅದನ್ನೇ ಹಿಡಿದು ಎಳೆಯುತ್ತದೆ. ಕೆಳಂಚಿನ ಬಳಿ ಎರಡೂ ಹಲಗೆಗಳನ್ನು ಹಾಯ್ದು ಸ್ಟಡ್ಡಿಗೆ ಇಳಿಯುವಂತೆ ಎದುರಿನಿಂದಲೇ ಮೊಳೆ ಹೊಡೆಯುವುದು ಇನ್ನೊಂದು ಬಗೆ. ಬಿರುಗಾಳಿಯ ಪ್ರದೇಶಕ್ಕೆ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಈ ಎರಡನೆಯದನ್ನು ಸೂಚಿಸುತ್ತದೆ. ಮೊಳೆಯ ತಲೆಗಳು ಸಾಲಾಗಿ ಕಾಣುತ್ತವೆ ಎಂದು ಮೂಗು ಮುರಿಯುವ ಮನೆಯವರಿದ್ದಾರೆ. ಬಣ್ಣ ಬಳಿದ ಮೇಲೆ ಆರಡಿ ದೂರದಿಂದ ಅವು ಕಾಣುವುದೂ ಇಲ್ಲ.

ಈ ಹಲಗೆಯನ್ನು ಗರಗಸದಲ್ಲಿ ಕೊಯ್ದಾಗ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಲ್ಲು ಕ್ವಾರಿಯ ಕಾರ್ಮಿಕರನ್ನು ಕಾಡುವ ಸಿಲಿಕೋಸಿಸ್ ಇಲ್ಲಿಯೂ ಕಾಡಬಲ್ಲದು. ಕಾರ್ಮಿಕರು ಉಸಿರಾಡುವ ಗಾಳಿಯಲ್ಲಿ ಘನಮೀಟರಿಗೆ 50 ಮೈಕ್ರೋಗ್ರಾಮ್ ಮೀರಕೂಡದು ಎಂಬ ಮಿತಿಯನ್ನು ಅಮೆರಿಕದ ಕಟ್ಟಡ ಕೆಲಸಗಳಲ್ಲಿ 2017ರಿಂದ ಜಾರಿಗೊಳಿಸಲಾಗಿದೆ. ಧೂಳು ಹೀರುವ ಗರಗಸವನ್ನೋ ಕತ್ತರಿಯಂತೆ ಕತ್ತರಿಸುವ ಯಂತ್ರವನ್ನೋ ಬಳಸಬೇಕು. ಕತ್ತರಿಸಿದ ತುದಿಗೆ ಬಣ್ಣ ಬಳಿಯದೆ ಬಿಟ್ಟರೆ ಅಲ್ಲಿಂದ ಹಲಗೆ ನೀರು ಕುಡಿಯುತ್ತದೆ. ನೆಲದಿಂದ ಆರು ಇಂಚು, ಮೆಟ್ಟಿಲು ಮತ್ತು ಕೆಳಸೂರಿನಿಂದ ಎರಡು ಇಂಚು ಎತ್ತರದಲ್ಲಿ ಹಲಗೆ ನಿಲ್ಲಬೇಕೆಂಬ ಸಾಮಾನ್ಯ ನಿಯಮವೂ ನೀರಿನ ಭಯದಿಂದಲೇ ಬಂದದ್ದು.

ಮರದ ಹಲಗೆಯನ್ನು ಇಂದು ಹೊಸದಾಗಿ ಹಾಕಿಸುವವರು ಕಡಿಮೆ. ವಿಲ್ಮಿಂಗ್ಟನ್ನಿನ ಹಳೆಯ ಬೀದಿಗಳಂಥ ಪಾರಂಪರಿಕ ವಲಯಗಳಲ್ಲಿ ಮಾತ್ರ ಮರದ ಬದಲು ಮರವನ್ನೇ ಹಾಕಬೇಕಾಗಬಹುದು, ಬದಲಾವಣೆಗೆ ಪರಂಪರೆ ಸಮಿತಿಯ ಒಪ್ಪಿಗೆ ಬೇಕು. ಇಟ್ಟಿಗೆ ಹೊದಿಕೆ ಗಟ್ಟಿಮುಟ್ಟಾಗಿ ಕಂಡರೂ ಅದನ್ನು ಮರದ ಗೋಡೆಗೆ ಹಿಡಿದಿಡುವುದು ತೆಳುವಾದ ಲೋಹದ ಪಟ್ಟಿಗಳು. ಅವು ತುಕ್ಕು ಹಿಡಿದರೆ, ದೂರದೂರ ಹಾಕಿದ್ದರೆ, ಗೋಡೆಗೆ ಗೋಡೆಯೇ ಕಳಚಿಬೀಳುತ್ತದೆ.

ಯಾವ ಹೊದಿಕೆಯಾದರೂ ಸರಿ, ಮೊಳೆ ಉಪ್ಪುಗಾಳಿಯನ್ನು ತಾಳದಿದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಸಮುದ್ರದಿಂದ 3,000 ಅಡಿಯೊಳಗಿನ ಮನೆಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಮೊಳೆಯೇ ಒಳ್ಳೆಯದು ಎಂಬುದು ಫೀಮಾದ ಸಲಹೆ. ಅದಕ್ಕಿಂತ ಒಳಗೆ, ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಮೊಳೆ ನಡೆದೀತು. ವಿದ್ಯುತ್ತಿನಿಂದ ತೆಳುವಾಗಿ ಸತು ಲೇಪಿಸಿದ ಮೊಳೆ ಅಂಗಡಿಯಲ್ಲಿ ಅಷ್ಟೇ ಹೊಳೆಯುತ್ತದೆ, ಉಪ್ಪುಗಾಳಿಗೆ ಬೇಗ ಸೋಲುತ್ತದೆ. ಇಡೀ ಮನೆಗೆ ಸ್ಟೇನ್‌ಲೆಸ್ ಹಾಕಿದರೂ ಒಟ್ಟು ಖರ್ಚಿನಲ್ಲಿ ಅದು ಸಣ್ಣ ಬಾಬತ್ತು. ಉಳಿತಾಯವೆಂದು ಮೊದಲು ಕೈಬಿಡುವುದು ಮಾತ್ರ ಇದನ್ನೇ.

ಗೋಡೆಯ ಅಂಚುಗಳಿಗೆ ಬಂದರೆ, ಕೆಳಗಿನ ಮೊದಲ ಸಾಲನ್ನು ಹಿಡಿಯುವ ಸ್ಟಾರ್ಟರ್ ಪಟ್ಟಿ ತಪ್ಪಬಾರದು. ವಿನೈಲ್‌ನ ಪ್ರತಿ ಸಾಲೂ ತನ್ನ ಕೆಳಗಿನದಕ್ಕೆ ಕೊಂಡಿ ಹಾಕಿಕೊಂಡು ನಿಲ್ಲುವುದರಿಂದ ಮೊದಲನೆಯದು ಬಿಚ್ಚಿದರೆ ಗೋಡೆ ಜಿಪ್ಪಿನಂತೆ ಮೇಲಕ್ಕೆ ಬಿಚ್ಚುತ್ತ ಹೋಗುತ್ತದೆ. ಕಿಟಕಿಯ ಕೆಳಗೆ ಹಲಗೆಯನ್ನು ಕತ್ತರಿಸಿದಾಗ ಮೊಳೆಯಂಚು ಹೋಗಿಬಿಡುತ್ತದೆ. ಅಲ್ಲಿ ಅಂಚು ಕಚ್ಚಿಹಿಡಿಯುವ ಪ್ರತ್ಯೇಕ ಪಟ್ಟಿ ಬೇಕು. ಸೂರಿನ ಅಡಿಗೆ ಹಾಕುವ ಸಾಫಿಟ್ ಹಲಗೆಗಳನ್ನು ಸೈಡಿಂಗ್ ಕೆಲಸದವರೇ ಹಾಕುತ್ತಾರೆ. ಅವು ಕಿತ್ತುಹೋದರೆ ಮಳೆ ನೇರ ಅಟ್ಟಕ್ಕೆ ನುಗ್ಗಿ ಮನೆಯ ಒಳಮಾಡನ್ನೇ ಕೆಡವುತ್ತದೆ. ಗೋಡೆ, ಸೂರು ಎರಡೂ ನಿಂತಿದ್ದರೂ ಒಳಗೆಲ್ಲ ನೀರಾದ ಮನೆಗಳು ಪ್ರತಿ ಚಂಡಮಾರುತದ ಬಳಿಕವೂ ಕಾಣುತ್ತವೆ.

ಕಡಲಂಚಿನಲ್ಲಿ ಎತ್ತರದ ಕಂಬಗಳ ಮೇಲೆ ನಿಂತ ಮನೆಗಳದು ಬೇರೆ ಕಥೆ. ಅಲೆಯ ಏಟು ಬೀಳುವ ವಲಯದಲ್ಲಿ ಕಂಬಗಳ ನಡುವಿನ ಕೆಳಗೋಡೆಯನ್ನು ಬೇಕೆಂದೇ ದುರ್ಬಲವಾಗಿ ಕಟ್ಟುತ್ತಾರೆ. ಅಲೆ ಬಡಿದಾಗ ಅದು ಮುರಿದುಹೋಗಿ ನೀರಿಗೆ ದಾರಿ ಬಿಡಬೇಕು, ಮೇಲಿನ ಮನೆ ಉಳಿಯಬೇಕು. ಚೆಂದಕ್ಕೆಂದು ಸೈಡಿಂಗನ್ನು ಕೆಳಗೋಡೆಯಿಂದ ಮೇಲ್ಗೋಡೆಗೆ ಒಂದೇ ಸಮ ಹಾಯಿಸಿದರೆ, ಮುರಿಯುವ ಗೋಡೆ ಮೇಲಿನ ಹೊದಿಕೆಯನ್ನೂ ಎಳೆದುಕೊಂಡು ಹೋಗುತ್ತದೆ. ಎರಡರ ನಡುವೆ ಹೊದಿಕೆ ತುಂಡಾಗಿರಲೇಬೇಕು.

ಕಾನೂನು ಎಲ್ಲಕ್ಕಿಂತ ಕಟ್ಟುನಿಟ್ಟಾಗಿರುವುದು ಫ್ಲಾರಿಡಾದಲ್ಲಿ. 1992ರ ಆಗಸ್ಟ್ 24ರಂದು ಮಯಾಮಿಯ ದಕ್ಷಿಣದ ಹೋಮ್‌ಸ್ಟೆಡ್ ಪಟ್ಟಣವನ್ನು ಆಂಡ್ರೂ ಚಂಡಮಾರುತ ನೆಲಸಮ ಮಾಡಿದ ಮೇಲೆ ಕಳಪೆ ಕಟ್ಟುಕೆಲಸ ಬಯಲಿಗೆ ಬಿತ್ತು. ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ 2002ರ ಮಾರ್ಚ್ 1ರಂದು ಜಾರಿಗೆ ಬಂತು. ಮಯಾಮಿ-ಡೇಡ್ ಮತ್ತು ಬ್ರೋವರ್ಡ್ ಕೌಂಟಿಗಳು ಅತಿವೇಗದ ಚಂಡಮಾರುತ ವಲಯ. ಮಯಾಮಿ-ಡೇಡ್‌ನಲ್ಲಿ ಸಾಮಾನ್ಯ ವಾಸದ ಮನೆಯನ್ನೂ ಗಂಟೆಗೆ 175 ಮೈಲಿಯ ಬೀಸಿಗೆ ಲೆಕ್ಕ ಹಾಕಿ ಕಟ್ಟಬೇಕು. ಅಲ್ಲಿ ಬಳಸುವ ಹೊದಿಕೆ, ಕಿಟಕಿ, ಬಾಗಿಲುಗಳಿಗೆ ಪರೀಕ್ಷೆಯ ಒಪ್ಪಿಗೆ ಬೇಕು. ಒಂಬತ್ತು ಪೌಂಡಿನ ಮರದ ತೊಲೆಯನ್ನು ಸೆಕೆಂಡಿಗೆ 50 ಅಡಿ ವೇಗದಲ್ಲಿ ತೋಪಿನಿಂದ ಹಾರಿಸಿ ಬಡಿಸುವುದು ಆ ಪರೀಕ್ಷೆಗಳಲ್ಲಿ ಒಂದು. ಬಿರುಗಾಳಿಯಲ್ಲಿ ಪಕ್ಕದ ಮನೆಯ ಸೂರಿನಿಂದ ಹಾರಿಬರುವ ತುಂಡಿನ ನಕಲು ಅದು. ಮಿಕ್ಕ ರಾಜ್ಯಗಳಲ್ಲಿ ಪರವಾನಗಿಯ ನಿಯಮ ಊರಿನಿಂದ ಊರಿಗೆ ಬೇರೆಯಾಗಬಹುದು. ಪರವಾನಗಿ ಬೇಕೇ ಎಂಬುದನ್ನು ಸ್ಥಳೀಯ ಕಟ್ಟಡ ಕಚೇರಿಯಲ್ಲಿ ಕೇಳುವುದೇ ದಾರಿ. ಪ್ರವಾಹ ವಲಯದ ಹಳೆಯ ಮನೆಗೆ ಇನ್ನೊಂದು ಕೊಕ್ಕೆಯಿದೆ. ದುರಸ್ತಿ, ಸುಧಾರಣೆಗಳ ಒಟ್ಟು ಖರ್ಚು ಮನೆಯ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿದರೆ ಇಡೀ ಮನೆಯನ್ನು ಇಂದಿನ ಪ್ರವಾಹ ನಿಯಮಕ್ಕೆ ತರಬೇಕು, ಹೆಚ್ಚಾಗಿ ಅದನ್ನು ಮೇಲೆತ್ತಬೇಕು.

ಹಣದ ಮಾತಿನಲ್ಲಿ ಮನೆಯವರಿಗೆ ಅಚ್ಚರಿ ತರುವುದು ವಿಮೆ. ಚಂಡಮಾರುತದ ನಷ್ಟಕ್ಕೆ ಮನೆಯವರು ಮೊದಲು ಭರಿಸಬೇಕಾದ ಪಾಲನ್ನು ಹೆಚ್ಚಿನ ಪಾಲಿಸಿಗಳು ವಿಮಾ ಮೊತ್ತದ ಶೇಕಡಾವಾರು ಇಡುತ್ತವೆ. ನಾಲ್ಕು ಲಕ್ಷ ಡಾಲರಿಗೆ ವಿಮೆ ಇಳಿಸಿದ ಮನೆಗೆ ಆ ಪಾಲು 2 ಪ್ರತಿಶತ ಇದ್ದರೆ ಮೊದಲ ಎಂಟು ಸಾವಿರ ಡಾಲರ್ ಮನೆಯವರದೇ. ಒಂದು ಗೋಡೆಯ ಸೈಡಿಂಗ್ ಹೋದರೆ ವಿಮೆಯಿಂದ ಬರುವುದು ಅಷ್ಟರಲ್ಲೇ ಇದೆ. ಗಾಳಿಯ ಹಾನಿ ಒಂದು ಪಾಲಿಸಿಗೆ, ಪ್ರವಾಹದ ಹಾನಿ ಇನ್ನೊಂದಕ್ಕೆ ಸೇರಿದ್ದು. ಗೋಡೆ ಕೆಟ್ಟದ್ದು ಯಾವುದರಿಂದ ಎಂಬ ವಾದ 2005ರ ಕತ್ರೀನಾ ಚಂಡಮಾರುತದ ಬಳಿಕ ಮಿಸಿಸಿಪಿ ತೀರದಲ್ಲಿ ಕೋರ್ಟುಗಳವರೆಗೆ ಹೋಯಿತು. ಉಳಿದ ಗೋಡೆಗಳ ಬಣ್ಣಕ್ಕೆ ಹೊಂದುವ ಹಲಗೆ ಮಾರುಕಟ್ಟೆಯಲ್ಲೇ ಇಲ್ಲದಿರುವುದು ಇನ್ನೊಂದು ಕಿರಿಕಿರಿ. ಹೊಸ ಸೈಡಿಂಗ್ ಹಾಕಿಸಿದಾಗಲೇ ಎರಡು ಪೆಟ್ಟಿಗೆ ಹೆಚ್ಚು ಕೊಂಡು ಗ್ಯಾರೇಜಿನಲ್ಲಿಟ್ಟವರಿಗೆ ಈ ತೊಂದರೆಯಿಲ್ಲ.

ಚಂಡಮಾರುತ ಹೋದ ಮರುವಾರವೇ ಬೇರೆ ರಾಜ್ಯಗಳ ನಂಬರಿನ ಪಿಕಪ್ ಲಾರಿಗಳು ಬೀದಿಗಿಳಿಯುತ್ತವೆ. ಬಾಗಿಲು ತಟ್ಟಿ, ವಿಮೆಯ ಗೋಜನ್ನೆಲ್ಲ ತಾವೇ ನೋಡಿಕೊಳ್ಳುವುದಾಗಿ ಹೇಳಿ, ಮುಂಗಡ ಪಡೆದು ಕಾಣೆಯಾಗುವವರು ಅವರಲ್ಲಿ ಇರುತ್ತಾರೆ. ಪರವಾನಗಿಯ ಸಂಖ್ಯೆಯನ್ನು ರಾಜ್ಯದ ಮಂಡಳಿಯಲ್ಲಿ ತಾಳೆ ನೋಡುವುದು, ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡುವುದು, ಹಲಗೆಯ ಹೆಸರು, ಅದರ ಗಾಳಿಯ ದರ್ಜೆ, ಮೊಳೆಯ ಜಾತಿ ಮತ್ತು ಅಂತರವನ್ನು ಕರಾರಿನಲ್ಲೇ ಬರೆಸುವುದು ಅಲ್ಲಿನವರು ಕಂಡುಕೊಂಡ ರಕ್ಷಣೆ. ರಾಲಿ, ಷಾರ್ಲೆಟ್, ಟ್ಯಾಂಪಾ, ಹ್ಯೂಸ್ಟನ್ ಸುತ್ತಮುತ್ತ ಮನೆ ಕೊಂಡು ನೆಲೆಸಿದ ಕನ್ನಡ ಕುಟುಂಬಗಳೂ ಇದೇ ಹಾದಿ ಹಿಡಿಯಬೇಕು. ಇಟ್ಟಿಗೆ ಗೋಡೆಯ ಮನೆಯಲ್ಲಿ ಬೆಳೆದವರಿಗೆ ಗೋಡೆಯ ಹೊರಮೈಯನ್ನು ಬಟ್ಟೆಯಂತೆ ಬದಲಿಸಬೇಕೆಂಬುದೇ ಹೊಸ ಸಂಗತಿ, ಹಾಗಾಗಿ ಗುತ್ತಿಗೆದಾರ ಹೇಳಿದ್ದಕ್ಕೆ ತಲೆಯಾಡಿಸುವ ಸಾಧ್ಯತೆ ಹೆಚ್ಚು. ಅಂಥವರು ಬೇರೇನನ್ನು ಬಿಟ್ಟರೂ, ಹಳೆಯ ಹೊದಿಕೆ ಕಳಚುವ ದಿನ ರಜೆ ಹಾಕಿ ಮನೆಯಲ್ಲಿರಲಿ, ಬಯಲಾದ ಗೋಡೆಯನ್ನು ಮೂಲೆಯಿಂದ ಮೂಲೆಗೆ ಫೋಟೋ ತೆಗೆದಿಟ್ಟುಕೊಳ್ಳಲಿ. ಸಂಜೆಯೊಳಗೆ ಹಾಳೆ ಮುಚ್ಚಿದರೆ ಆ ಗೋಡೆ ಮತ್ತೆ ಕಾಣುವುದು ಮೂವತ್ತು ವರ್ಷಕ್ಕೆ.